‘ಎಲಿಸ್ & ಟಾಮ್’ (1974): ಕವರ್ ಮೇಲೆ ಇಬ್ಬರು, ಪಿಯಾನೊ ಮುಂದೆ ಮೂರನೆಯವನು

ಸೂಜಿಮೊನೆ:
ಈ ಸಲ ಎಲ್ಲರೂ ಸೇರಿ ಕೇಳುತ್ತಿರುವ ಆಲ್ಬಂ ‘ಎಲಿಸ್ & ಟಾಮ್’. ಬ್ರೆಜಿಲ್‌ನದು, 1974ರದ್ದು. ಹಾಡಿರುವುದು ಎಲಿಸ್ ರೆಜಿನಾ. ಹಾಡುಗಳೆಲ್ಲ ಟಾಮ್ ಜೊಬಿಂ ರಾಗ ಹಾಕಿದವು. ಒಟ್ಟು 14 ಹಾಡು, 40 ನಿಮಿಷವೂ ಆಗುವುದಿಲ್ಲ. ರೆಕಾರ್ಡಿಂಗ್ ನಡೆದದ್ದು ಬ್ರೆಜಿಲ್‌ನಲ್ಲಲ್ಲ, ಲಾಸ್ ಏಂಜಲೀಸ್‌ನ ಎಂಜಿಎಂ ಸ್ಟುಡಿಯೋದಲ್ಲಿ. ಫೆಬ್ರವರಿ 22ಕ್ಕೆ ಶುರುವಾಗಿ ಮಾರ್ಚ್ 9ಕ್ಕೆ ಮುಗಿಯಿತು. ಎಲಿಸ್ ಫಿಲಿಪ್ಸ್ ಕಂಪನಿಯಲ್ಲಿ ಹತ್ತು ವರ್ಷ ಪೂರೈಸಿದ್ದಕ್ಕೆ ಕಂಪನಿ ಕೊಟ್ಟ ಉಡುಗೊರೆ ಇದು ಅಂತ ಹೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಎಲ್ಲ ಕಡೆ ಇದನ್ನು ಗಾಯಕಿ ಮತ್ತು ಪಿಯಾನೊ ವಾದಕ ಸೇರಿ ಮಾಡಿದ ಆಲ್ಬಂ ಅಂತ ಪರಿಚಯ ಮಾಡಿಕೊಡುತ್ತಾರೆ. ಕವರ್ ಮೇಲೂ ಎರಡೇ ಹೆಸರು. ಆದರೆ ಹೆಡ್‌ಫೋನ್ ಹಾಕಿ ಕೇಳಿದರೆ ಕೀಬೋರ್ಡಿನ ಕೆಲಸ ಎಲ್ಲ ಒಬ್ಬನದೇ ಅನ್ನಿಸುವುದಿಲ್ಲ. ಕೆಲವು ಹಾಡಿನಲ್ಲಿ ಪಿಯಾನೊ ಜಿಪುಣನ ಹಾಗೆ ಲೆಕ್ಕ ಹಾಕಿ ಸ್ವರ ಬಿಡುತ್ತದೆ. ಇನ್ನು ಕೆಲವಲ್ಲಿ ಡ್ರಮ್ಸ್, ಬೇಸ್ ಜೊತೆ ಆಟ ಆಡುತ್ತದೆ, ಸದ್ದೂ ಬೇರೆ. ಯಾರ ಕೈ ಎಲ್ಲಿದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಸುಮ್ನೆ ಬಂದವ:
ಬೈಸಿಕೊಳ್ಳುವ ಮಾತು ಹೇಳುತ್ತೇನೆ, ಬೈಯಿರಿ. ಪೂರ್ತಿ ಕೇಳಿದೆ. ಸ್ಟಾರ್ ಹೋಟೆಲ್ ಲಾಬಿಯಲ್ಲಿ ಮೆಲ್ಲಗೆ ಹಾಕಿರುತ್ತಾರಲ್ಲ, ಆ ತರ ಇದೆ. ಮೊದಲನೇ ಹಾಡು ಬಿಟ್ಟರೆ ಯಾವುದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗಲಿಲ್ಲ. ಇದಕ್ಕೆ ಇಷ್ಟೊಂದು ಹೊಗಳಿಕೆ ಯಾಕೆ?

ಕೀಬೋರ್ಡ್ ಕಿಟ್ಟಿ:
ಸೂಜಿಮೊನೆ ಅವರೇ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಅಲ್ಲಿ ಇನ್ನೊಬ್ಬ ಇದ್ದಾನೆ. ಸೆಸಾರ್ ಕಮಾರ್ಗೊ ಮರಿಯಾನೊ. ಆಗ ಎಲಿಸ್ ಗಂಡ, ಅವಳ ತಂಡದ ಪಿಯಾನೊ ವಾದಕ, ಈ ಆಲ್ಬಂನ ಅರೇಂಜರ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಕೂರಿಸುವವನು. ತಂಡ ಪೂರ್ತಿ ನುಡಿಸುವ ಹಾಡುಗಳಲ್ಲಿ ನೀವು ಕೇಳುವ ಎಲೆಕ್ಟ್ರಿಕ್ ಪಿಯಾನೊ ಅವನದು. ‘ತ್ರಿಸ್ಟೆ’ ಹಾಕಿ. ‘ಬ್ರಿಗಾಸ್ ನುಂಕಾ ಮಾಯ್ಸ್’ ಹಾಕಿ. ಲುಯಿಜಾವ್ ಮಾಯಾ ಬೇಸ್, ಪೌಲಿನ್ಯೊ ಬ್ರಾಗಾ ಡ್ರಮ್ಸ್, ಎಲಿಯೊ ಡೆಲ್ಮಿರೊ ಗಿಟಾರ್. ಎಲ್ಲ ಎಲಿಸ್ ಕಡೆಯವರು. ಟಾಮ್ ಅಲ್ಲಿ ಬೀಗರ ಮನೆಗೆ ಊಟಕ್ಕೆ ಹೋದವನ ಸ್ಥಿತಿ. ಅಡುಗೆ ಮನೆ ಅವನದಲ್ಲ, ಎಲೆ ಮಾತ್ರ ಅವನ ಮುಂದೆ ಇದೆ.

ಎಲೆಕ್ಟ್ರಿಕ್ ಪಿಯಾನೊ ಒಳಗೆ ತಂತಿ ಇರುವುದಿಲ್ಲ. ಸಣ್ಣ ಸುತ್ತಿಗೆ ಒಂದು ಲೋಹದ ಕಡ್ಡಿಗೆ ಬಡಿಯುತ್ತದೆ, ಆ ಕಂಪನವನ್ನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಇರುವಂಥ ಪಿಕಪ್ ಹಿಡಿಯುತ್ತದೆ. ಮೆತ್ತಗೆ ಒತ್ತಿದರೆ ಗಂಟೆ ತರದ ಸದ್ದು, ಜೋರಾಗಿ ಬಾರಿಸಿದರೆ ಸ್ವಲ್ಪ ಒರಟು. ದನಿಯ ಪಕ್ಕದಲ್ಲಿ ನಿಂತರೂ ದನಿಯನ್ನು ಮುಚ್ಚುವುದಿಲ್ಲ. ಗಾಯಕಿಯರ ಹಿಂದೆ ನುಡಿಸುವವರಿಗೆ ಇದರ ಬೆಲೆ ಗೊತ್ತು.

ಟಾಮ್‌ನ ಕೈ ಬೇರೆ ಜಾತಿ. ಎಡಗೈ ಆದಷ್ಟು ಸುಮ್ಮನಿರುತ್ತದೆ, ಬಲಗೈ ಒಂದೊಂದೇ ಸ್ವರ ಇಡುತ್ತದೆ. 1963ರ ಅವನ ಮೊದಲ ಅಮೆರಿಕನ್ ಆಲ್ಬಂನಲ್ಲಿ ಒಂದೇ ಬೆರಳಲ್ಲಿ ನುಡಿಸಿದಂತಿದೆ. ನೀವು ಹೇಳಿದ ಜಿಪುಣ ಅವನೇ.

ಸಾವ್ ಪೌಲೊ ಸೋಮ:
ಕಿಟ್ಟಿ ಹೇಳಿದ ಆ ‘ಬೀಗರ ಮನೆ’ಯಲ್ಲಿ ಊಟಕ್ಕೆ ಮುಂಚೆ ಜಗಳ ಆಗಿತ್ತು. ಇಲ್ಲಿ ಬ್ರೆಜಿಲ್‌ನಲ್ಲಿ ಈ ಕತೆ ಸಂಗೀತ ಕೇಳುವವರಿಗೆಲ್ಲ ಬಾಯಿಪಾಠ.

ಎಲಿಸ್ ತಂಡ ಲಾಸ್ ಏಂಜಲೀಸ್‌ಗೆ ಬಂದಿಳಿದಾಗ ಟಾಮ್‌ಗೆ 47 ವರ್ಷ. ಅಷ್ಟರಲ್ಲಿ ಅವನು ಅಮೆರಿಕದ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಜೊತೆ ಆಲ್ಬಂ ಮಾಡಿ ಮುಗಿಸಿದ್ದ. ಅದಕ್ಕೆ ಅರೇಂಜ್ ಮಾಡಿದ್ದು ಕ್ಲಾಸ್ ಓಗರ್ಮನ್. 1973ರ ‘ಮತೀತಾ ಪೆರೆ’ಗೂ ಓಗರ್ಮನ್ನೇ. ಹಾಡು ಟಾಮ್‌ನದು, ವಯಲಿನ್ ಸಾಲುಗಳು ಅಂಥವರದು, ಹೀಗೆ ಅಭ್ಯಾಸವಾಗಿತ್ತು. ಈಗ ಬಂದದ್ದು ಮೂವತ್ತು ವರ್ಷದ ಹುಡುಗ, ಅದೂ ಎಲೆಕ್ಟ್ರಿಕ್ ಪಿಯಾನೊ, ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು. ಅರೇಂಜರ್ ಯಾರು ಅಂತ ಟಾಮ್ ಕೇಳಿದ, ಸೆಸಾರ್ ಅಂತ ಉತ್ತರ ಬಂತು, ಟಾಮ್ ಎದ್ದು ಹೋಗಿ ಅಮೆರಿಕದ ಅರೇಂಜರುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಲು ಶುರು ಮಾಡಿದ. ಸೆಸಾರ್ ಅಲ್ಲೇ ಕುಳಿತಿದ್ದ. ಸೆಸಾರ್ ಮುಂದೆ ತಾನೇ ಹೇಳಿಕೊಂಡ ಪ್ರಸಂಗ ಇದು.

ಎಲಿಸ್ ಸಿಟ್ಟಾಗಿ ಊರಿಗೆ ವಾಪಸ್ ಹೋಗುತ್ತೇನೆ ಅಂದಳು. ಅವಳಿಗೆ ‘ಪಿಮೆಂಚಿನ್ಯಾ’, ಅಂದರೆ ಪುಟ್ಟ ಮೆಣಸಿನಕಾಯಿ, ಅಂತ ಸುಮ್ನೆ ಹೆಸರಿಟ್ಟಿರಲಿಲ್ಲ. ಆಲ್ಬಂ ಅಲ್ಲಿಗೇ ನಿಂತು ಹೋಗಬೇಕಿತ್ತು. ಹೇಗೋ ಉಳಿಯಿತು.

ಇದನ್ನೆಲ್ಲ ನಾನು ಕತೆ ಕಟ್ಟುತ್ತಿಲ್ಲ. ಎಲಿಸ್‌ಳ ಮ್ಯಾನೇಜರ್ ಆಗಿದ್ದ ರೊಬೆರ್ಟೊ ಡಿ ಒಲಿವೇರಾ ರೆಕಾರ್ಡಿಂಗ್ ನಡೆಯುವಾಗ ಕ್ಯಾಮೆರಾ ಇಡಿಸಿದ್ದ. ಆ ಫಿಲ್ಮ್ ನಾಲ್ಕು ದಶಕಕ್ಕಿಂತ ಜಾಸ್ತಿ ಹಾಗೇ ಬಿದ್ದಿತ್ತು. ಆಮೇಲೆ ಅವನೇ ಜೋಂ ಟೋಬ್ ಅಜುಲೇ ಜೊತೆ ಸೇರಿ ಅದನ್ನು ಸಾಕ್ಷ್ಯಚಿತ್ರ ಮಾಡಿದ. 2023ರಲ್ಲಿ ಇಲ್ಲಿನ ಥಿಯೇಟರುಗಳಿಗೆ ಬಂತು. ಸಿಕ್ಕರೆ ನೋಡಿ. ಜಗಳದ ಬಗ್ಗೆ ಮುಚ್ಚುಮರೆ ಇಲ್ಲ.

ಹಾಡೋ ಅಕ್ಕ:
ಜಗಳ ಆಯಿತು, ಸರಿ. ಆದರೆ ಜಗಳಕ್ಕೂ ಹಿಂದೆ ಒಂದು ಹಳೇ ಬಾಕಿ ಇತ್ತಲ್ಲ, ಸೋಮ? ಎಲಿಸ್ ದಕ್ಷಿಣದ ಪೋರ್ತೊ ಅಲೆಗ್ರೆಯಿಂದ ರಿಯೋಗೆ ಬಂದ ಹೊಸದರಲ್ಲಿ, 1964ರ ಸುಮಾರಿಗೆ, ಒಂದು ಸಂಗೀತ ನಾಟಕದ ರೆಕಾರ್ಡಿಗೆ ಹಾಡಲು ಹೋಗಿದ್ದರು. ಅಲ್ಲಿ ಟಾಮ್ ಇದ್ದರು. ಈ ಹುಡುಗಿ ಇನ್ನೂ ಹಳ್ಳಿ ವಾಸನೆ ಬಿಟ್ಟಿಲ್ಲ ಅನ್ನುವ ಅರ್ಥದಲ್ಲಿ ಬೇಡ ಅಂದರು ಅಂತ ಒಂದು ಕತೆ ಓಡಾಡುತ್ತದೆ. ಆಗ ಎಲಿಸ್‌ಗೆ 19 ವರ್ಷ. ಹತ್ತು ವರ್ಷ ಆದ ಮೇಲೆ ಅದೇ ಮನುಷ್ಯನ ಪಕ್ಕ ಮೈಕ್ ಮುಂದೆ ನಿಲ್ಲುವಾಗ ಒಳಗೆ ಏನಿದ್ದೀತು ಅಂತ ಯೋಚಿಸಿ.

ಈಗ ‘ಸುಮ್ನೆ ಬಂದವ’ರ ಲಾಬಿ ಮಾತಿಗೆ ಬರುತ್ತೇನೆ. ತಮ್ಮಾ, ಈ ಆಲ್ಬಂಗಿಂತ ಮುಂಚಿನ ಎಲಿಸ್ ಯಾರು ಅಂತ ಗೊತ್ತಿದ್ದರೆ ಈ ಮೆಲುದನಿ ಲಾಬಿ ಸಂಗೀತ ಅನ್ನಿಸುವುದಿಲ್ಲ. 1965ರಲ್ಲಿ ಟಿವಿ ಎಕ್ಸೆಲ್ಸಿಯರ್ ಹಾಡಿನ ಸ್ಪರ್ಧೆಯಲ್ಲಿ ‘ಅರಸ್ತಾವ್’ ಹಾಡಿ ಗೆದ್ದವರು. ಎರಡೂ ತೋಳು ಬೀಸಿ, ಪೂರ್ತಿ ಎದೆ ದನಿಯಲ್ಲಿ ಹಾಡುತ್ತಿದ್ದರು. ಹೆಲಿಕಾಪ್ಟರ್ ಜೊತೆ ಹೆಸರು ಸೇರಿಸಿ ಜನ ರೇಗಿಸುತ್ತಿದ್ದರು. ಅಂಥವರು ಇಲ್ಲಿ ದನಿಯನ್ನು ಕೈಯಲ್ಲಿ ಹಿಡಿದು ಇಳಿಸಿದ್ದಾರೆ. ಶಕ್ತಿ ಇಲ್ಲದೆ ಮೆತ್ತಗೆ ಹಾಡುವುದು ಬೇರೆ, ಶಕ್ತಿ ಇದ್ದೂ ಬಿಡದೆ ಹಾಡುವುದು ಬೇರೆ. ಹಾಡು ಕಲಿಸುವ ನನಗೆ ಇದು ದಿನಾ ಬರುವ ತಲೆನೋವು. ದೊಡ್ಡ ದನಿ ಇರುವ ಮಕ್ಕಳಿಗೆ ಸಣ್ಣದಾಗಿ ಹಾಡು ಅಂದರೆ ಮೊದಲು ಉಸಿರು ಸೋರುತ್ತದೆ, ಆಮೇಲೆ ಶ್ರುತಿ ಇಳಿಯುತ್ತದೆ.

‘ಮೊಡಿನ್ಯಾ’ ಕೇಳಿ. ಸಾಲಿನ ಕೊನೆಯಲ್ಲಿ ದನಿ ಇಳಿಯುತ್ತಾ ಬಂದು ಇನ್ನೇನು ಉಸಿರು ಮಾತ್ರ ಉಳಿಯುತ್ತದೆ ಅನ್ನುವ ಹೊತ್ತಿಗೂ ಸ್ವರ ಅಲ್ಲಾಡುವುದಿಲ್ಲ. ಹಿಂದೆ ತಂತಿವಾದ್ಯಗಳು, ತಾಳ ಹಿಡಿಯುವವರು ಯಾರೂ ಇಲ್ಲ. ಬಿದ್ದರೆ ಎತ್ತಿಕೊಳ್ಳಲು ಡ್ರಮ್ಸ್ ಇಲ್ಲ.

ಸುಮ್ನೆ ಬಂದವ:
ಅಕ್ಕಾ, ‘ತಮ್ಮಾ’ ಅಂದಿದ್ದಕ್ಕೆ ಇನ್ನೊಮ್ಮೆ ಕೇಳುತ್ತೇನೆ. ಯಾವುದರಿಂದ ಶುರು ಮಾಡಲಿ?

ಹಾಡೋ ಅಕ್ಕ:
ನಿನಗೆ ಮೊದಲನೇದು ಹಿಡಿಸಿದೆಯಲ್ಲ, ಅಲ್ಲಿಂದಲೇ. ‘ಆಗ್ವಾಸ್ ಡಿ ಮಾರ್ಸೊ’, ಮಾರ್ಚ್ ತಿಂಗಳ ಮಳೆನೀರಿನ ಹಾಡು. ಇಬ್ಬರೂ ಸೇರಿ ಹಾಡಿದ್ದಾರೆ. ಅದರಲ್ಲಿ ಕತೆ ಇಲ್ಲ. ಕೋಲು, ಕಲ್ಲು, ಗಾಜಿನ ಚೂರು, ದಾರಿಯ ಕೊನೆ, ಮೀನು, ಇಟ್ಟಿಗೆ, ಕೆಸರು, ಹೀಗೆ ಬರೀ ವಸ್ತುಗಳ ಪಟ್ಟಿ. ಮೇಲಿನ ರಾಗ ಎರಡು ಮೂರು ಸ್ವರ ಬಿಟ್ಟು ಆಚೆ ಹೋಗುವುದಿಲ್ಲ. ಒಬ್ಬರೇ ಹಾಡಿದರೆ ಬೇಜಾರು ಬರುವ ಅಪಾಯ ಇದೆ. ಇಲ್ಲಿ ಒಬ್ಬರು ವಸ್ತು ಹೇಳುತ್ತಾರೆ, ಇನ್ನೊಬ್ಬರು ಅದನ್ನು ಕಿತ್ತುಕೊಂಡು ಮುಂದಿನದನ್ನು ಹೇಳುತ್ತಾರೆ. ಕೊನೆ ಕೊನೆಗೆ ಸಾಲುಗಳು ತುಂಡಾಗುತ್ತಾ ಹೋಗುತ್ತವೆ, ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ನುಗ್ಗುತ್ತಾರೆ, ಎಲಿಸ್‌ಗೆ ನಗು ಬರುತ್ತದೆ. ಆ ನಗುವನ್ನು ತೆಗೆಯದೆ ಬಿಟ್ಟಿದ್ದಾರೆ. ನಗುವಾಗಲೂ ತಾಳ ತಪ್ಪಿಲ್ಲ, ಅದನ್ನು ಗಮನಿಸು.

ಕೀಬೋರ್ಡ್ ಕಿಟ್ಟಿ:
ಅಕ್ಕ ಮೇಲಿನ ರಾಗ ಹೇಳಿದರು, ನಾನು ಕೆಳಗಿನದು ಹೇಳುತ್ತೇನೆ. ಆ ಹಾಡಿನಲ್ಲಿ ರಾಗ ನಿಂತಲ್ಲೇ ನಿಂತಿದ್ದರೂ ಹಾಡು ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತದಲ್ಲ, ಅದಕ್ಕೆ ಕಾರಣ ಬೇಸ್ ಸ್ವರ ಒಂದೊಂದೇ ಹೆಜ್ಜೆ ಕೆಳಗೆ ಇಳಿಯುವುದು. ಮೇಲೆ ಅದೇ ಸ್ವರ, ಕೆಳಗೆ ಬೇಸ್ ಬದಲಾಗುತ್ತದೆ, ಹಾಗಾಗಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುತ್ತದೆ, ಹಾಗಾಗಿ ಅದೇ ಸ್ವರಕ್ಕೆ ಬೇರೆ ಬಣ್ಣ ಬರುತ್ತದೆ. ಟಾಮ್‌ಗೆ ಈ ಹುಚ್ಚು ಮೊದಲಿಂದಲೂ ಇದೆ. ‘ಕೊರ್ಕೊವಾಡೊ’ ಶುರುವಾಗುವುದೂ ಎರಡು ಸ್ವರದ ಮಧ್ಯೆ ತೂಗಾಡುತ್ತಾ. ನಮ್ಮ ತಂಡದವರಿಗೆ ಕಾರ್ಡ್ ಬರೆದುಕೊಟ್ಟರೆ ಹಾಳೆ ನೋಡಿ ಹೆದರುತ್ತಾರೆ, ರಾಗ ಹಾಡಿ ತೋರಿಸಿದರೆ ಇಷ್ಟೇನಾ ಅನ್ನುತ್ತಾರೆ.

ಸೂಜಿಮೊನೆ:
ಈ ಹಾಡು ಈ ಆಲ್ಬಂಗೆ ಅಂತ ಹುಟ್ಟಿದ್ದಲ್ಲ. 1972ರಲ್ಲಿ ‘ಓ ಪಾಸ್ಕಿಂ’ ಪತ್ರಿಕೆಯವರು ಒಂದು ಪುಟ್ಟ ರೆಕಾರ್ಡ್ ತಂದರು, ‘ಡಿಸ್ಕೊ ಡಿ ಬೊಲ್ಸೊ’ ಅಂತ. ಒಂದು ಕಡೆ ಟಾಮ್ ಹಾಡಿದ ಈ ಹೊಸ ಹಾಡು, ಇನ್ನೊಂದು ಕಡೆ ಆಗ ಯಾರಿಗೂ ಗೊತ್ತಿಲ್ಲದ ಜೊವಾವ್ ಬೊಸ್ಕೊ. ಅದೇ ವರ್ಷ ಎಲಿಸ್ ಕೂಡ ತನ್ನ ಆಲ್ಬಂನಲ್ಲಿ ಹಾಡಿದಳು, ಅರೇಂಜ್ ಮಾಡಿದ್ದು ಇದೇ ಸೆಸಾರ್. ಅಂದರೆ ಲಾಸ್ ಏಂಜಲೀಸ್‌ಗೆ ಹೋಗುವ ಮುಂಚೆಯೇ ಗಂಡ ಹೆಂಡತಿಗೆ ಆ ಹಾಡು ಕೈವಶ. ಸೆಸಾರ್‌ನನ್ನು ಟಾಮ್ ಹೊಸಬ ಅಂದುಕೊಂಡದ್ದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಕುಂದಾಪ್ರ ಮಾಣಿ:
ಎಲ್ಲರೂ ಸೆಸಾರ್ ಪರ ಚಪ್ಪಾಳೆ ತಟ್ಟುತ್ತಿದ್ದೀರಿ ಮಾರಾಯ್ರೆ. ನಾನು ಟಾಮ್ ಪರ. ಅವನ ಹಾಡು, ಅವನಿಗೆ ಹೇಗೆ ಬೇಕು ಅಂತ ಹೇಳುವ ಹಕ್ಕಿಲ್ಲವಾ? ಎಲೆಕ್ಟ್ರಿಕ್ ಪಿಯಾನೊ ಸದ್ದು ಕೇಳಿದ ಕೂಡಲೇ ಇದು ಎಪ್ಪತ್ತರ ದಶಕ ಅಂತ ಮುದ್ರೆ ಒತ್ತಿದ ಹಾಗೆ ಆಗುತ್ತದೆ. ಟಾಮ್‌ನ 1967ರ ‘ವೇವ್’ ಕೇಳಿ, ‘ತ್ರಿಸ್ಟೆ’ ಅದರಲ್ಲೇ ಇದೆ. ಅದನ್ನು ನಿನ್ನೆ ಮಾಡಿದ್ದು ಅಂದರೂ ನಂಬಬಹುದು. ಇಲ್ಲಿನ ‘ತ್ರಿಸ್ಟೆ’ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ, ಆದರೆ ಹೆಸರೇ ದುಃಖ ಅಂತ ಇರುವ ಹಾಡಿಗೆ ಅಷ್ಟು ಕುಣಿಸುವ ಬೇಸ್ ಯಾಕೆ?

ಇನ್ನೊಂದು. ಈ ಆಲ್ಬಂನಲ್ಲಿ ನನಗೆ ಮತ್ತೆ ಮತ್ತೆ ಬೇಕು ಅನ್ನಿಸುವುದು ತಂಡ ಇಲ್ಲದ ಹಾಡುಗಳು. ‘ಮೊಡಿನ್ಯಾ’, ‘ಸೊನೆಟೊ ಡಿ ಸೆಪರಸಾವ್’, ಕೊನೆಯ ‘ಇನೂಟಿಲ್ ಪೈಸಾಜೆಂ’. ಅಲ್ಲಿ ಗೆದ್ದದ್ದು ಟಾಮ್‌ನ ಹಳೇ ದಾರಿಯೇ ಅಲ್ವಾ?

ಕೀಬೋರ್ಡ್ ಕಿಟ್ಟಿ:
ಮಾಣಿ, ಹಕ್ಕಿನ ಪ್ರಶ್ನೆ ಅಲ್ಲ. ಟಾಮ್ ಹೇಳಿದ ಹಾಗೇ ಮಾಡಿದ್ದರೆ ನಮಗೆ ಇನ್ನೊಂದು ‘ವೇವ್’ ಸಿಗುತ್ತಿತ್ತು, ಮೇಲೆ ಒಬ್ಬಳು ಗಾಯಕಿ. ಎಲಿಸ್ ಅತಿಥಿ ಆಗುತ್ತಿದ್ದಳು. ಸೆಸಾರ್ ಮಾಡಿದ ಕೆಲಸ ಏನಂದರೆ ಹಾಡನ್ನು ಎಲಿಸ್ ಉಸಿರಿನ ಸುತ್ತ ಕಟ್ಟಿದ್ದು. ಅವಳು ಎಲ್ಲಿ ಸಾಲನ್ನು ತಡ ಮಾಡುತ್ತಾಳೆ, ಎಲ್ಲಿ ಮುಂಚೆ ಎತ್ತುತ್ತಾಳೆ ಅಂತ ಅವನಿಗೆ ಗೊತ್ತು. ಅವಳು ಹಾಡುವಾಗ ಅವನ ಬಲಗೈ ಹೆಚ್ಚು ಕಡಿಮೆ ಬಾಯಿ ಮುಚ್ಚಿಕೊಂಡಿರುತ್ತದೆ. ಅವಳು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಎರಡು ಸ್ವರ, ಮತ್ತೆ ಮೌನ. ‘ಸೊ ಟಿನ್ಯಾ ಡಿ ಸೆರ್ ಕೊಂ ವೊಸೆ’ ಹಾಕಿ, ಪದ ಬಿಡಿ, ಬರೀ ಆ ಖಾಲಿ ಜಾಗಗಳನ್ನು ಕೇಳಿ. ಬೇಸೂ ಹಾಗೇ, ಲುಯಿಜಾವ್ ಅವಳ ಸಾಲಿನ ತುದಿಗೆ ಕಾದು ತಳ್ಳುತ್ತಾನೆ.

ದುಃಖದ ಹಾಡು ಕುಣಿಸಬಾರದು ಅನ್ನುವುದಾದರೆ ಬ್ರೆಜಿಲ್‌ನ ಕುಣಿತದ ಸಂಗೀತ ಸಾಂಬಾದಲ್ಲಿ ಅರ್ಧವನ್ನೇ ಮನೆಗೆ ಕಳಿಸಬೇಕಾಗುತ್ತದೆ.

ಕುಂದಾಪ್ರ ಮಾಣಿ:
ಕೊನೆಯ ಸಾಲಿಗೆ ಒಪ್ಪಿದೆ. ಉಳಿದದ್ದಕ್ಕೆ ಇಲ್ಲ.

ಸಾವ್ ಪೌಲೊ ಸೋಮ:
ಇಬ್ಬರ ಮಧ್ಯೆ ನಿಂತವನನ್ನು ಮರೆತಿರಿ. ನಿರ್ಮಾಪಕ ಅಲೊಯ್ಸಿಯೊ ಡಿ ಒಲಿವೇರಾ. ಗಾಯಕಿ, ನಟಿ ಕಾರ್ಮೆನ್ ಮಿರಾಂಡಾ ಜೊತೆ ಅಮೆರಿಕಕ್ಕೆ ಹೋಗಿದ್ದ ‘ಬಾಂಡೊ ಡಾ ಲುವಾ’ ತಂಡದವನು. 1963ರಲ್ಲಿ ‘ಎಲೆಂಕೊ’ ಅನ್ನುವ ರೆಕಾರ್ಡ್ ಕಂಪನಿ ಶುರು ಮಾಡಿದ. ಟಾಮ್‌ಗೆ ಹಳೇ ಗೆಳೆಯ, ಇದರಲ್ಲಿನ ಎರಡು ಹಾಡಿಗೆ ಸಾಹಿತ್ಯವೂ ಅವನದೇ. ಅಂಥ ಹಿರಿಯ ಒಬ್ಬ ಇಲ್ಲದಿದ್ದರೆ ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂರುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು. ಆರ್ಕೆಸ್ಟ್ರಾ ಬೇಕು ಅನ್ನುವ ಟಾಮ್‌ನ ಆಸೆ ಕೂಡ ಪೂರ್ತಿ ಬಿದ್ದು ಹೋಗಲಿಲ್ಲ. ತಂತಿವಾದ್ಯ ಇರುವ ಕಡೆ ಬಿಲ್ ಹಿಚ್‌ಕಾಕ್ ನಿಂತು ನಡೆಸಿದ. ಕೆಲವು ಹಾಡು ಆ ಕಡೆಗೆ, ಕೆಲವು ಈ ಕಡೆಗೆ. ಒಂದೇ ಆಲ್ಬಂ ಒಳಗೆ ಎರಡು ಆಲ್ಬಂ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ರೇಡಿಯೋ ರಂಗಣ್ಣ:
ಸಂಗೀತದ ಮಧ್ಯೆ ರಾಜಕೀಯ ತಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಈ ಆಲ್ಬಂ ಎಲಿಸ್‌ಗೆ ಯಾಕೆ ಅಷ್ಟು ಮುಖ್ಯವಾಗಿತ್ತು ಅನ್ನುವುದಕ್ಕೆ ಅದು ಬೇಕು.

ಬ್ರೆಜಿಲ್‌ನಲ್ಲಿ 1964ರಿಂದ 1985ರ ತನಕ ಮಿಲಿಟರಿ ಆಡಳಿತ. 1968ರ ಡಿಸೆಂಬರ್‌ನಲ್ಲಿ ‘ಎಐ 5’ ಅನ್ನುವ ಶಾಸನ ಬಂದ ಮೇಲೆ ಬಾಯಿ ಬಿಟ್ಟವರು ಒಳಗೆ, ಇಲ್ಲವೇ ದೇಶದ ಹೊರಗೆ. ಈ ಆಲ್ಬಂನ ಅನೇಕ ಹಾಡಿಗೆ ಸಾಹಿತ್ಯ ಬರೆದ ವಿನೀಸಿಯಸ್ ಡಿ ಮೊರಾಯೆಸ್ ವಿದೇಶಾಂಗ ಇಲಾಖೆಯಲ್ಲಿ ಅಧಿಕಾರಿ. 1969ರಲ್ಲಿ ಅವರನ್ನು ಕಡ್ಡಾಯ ನಿವೃತ್ತಿ ಮಾಡಿ ಕಳಿಸಿದರು. ‘ಪೊಯ್ಸ್ ಎ’ ಮತ್ತು ‘ರೆಟ್ರಾಟೊ ಎಂ ಬ್ರಾಂಕೊ ಇ ಪ್ರೆಟೊ’ಗೆ ಪದ ಬರೆದ ಶಿಕೊ ಬುವಾರ್ಕೆಗೆ ಸೆನ್ಸಾರಿನವರ ಕಾಟ ಎಷ್ಟಿತ್ತೆಂದರೆ 1974ರಲ್ಲೇ ಬೇರೆ ಹೆಸರಿಟ್ಟುಕೊಂಡು ಹಾಡು ಪಾಸ್ ಮಾಡಿಸಿಕೊಳ್ಳಬೇಕಾಯಿತು.

ಇಂಥ ಕಾಲದಲ್ಲಿ, 1972ರಲ್ಲಿ, ಎಲಿಸ್ ಸೈನ್ಯದವರ ಕ್ರೀಡಾಕೂಟಕ್ಕೆ ಹೋಗಿ ಹಾಡಿದಳು. ಒತ್ತಡ ಇತ್ತು ಅಂತ ಆಮೇಲೆ ಹೇಳಿದಳು. ಆದರೆ ಆಗ ಯಾರು ಕೇಳುತ್ತಾರೆ? ಸೂಜಿಮೊನೆ ಹೇಳಿದ ಅದೇ ‘ಓ ಪಾಸ್ಕಿಂ’ನಲ್ಲಿ ವ್ಯಂಗ್ಯಚಿತ್ರಕಾರ ಎನ್‌ಫಿಲ್ ಒಂದು ಸ್ಮಶಾನ ಬರೆಯುತ್ತಿದ್ದ. ಸರ್ಕಾರದ ಜೊತೆ ಹೋದವರನ್ನೆಲ್ಲ ಅದರಲ್ಲಿ ಹೂಳುತ್ತಿದ್ದ. ಎಲಿಸ್‌ಳನ್ನೂ ಹೂತ. ಟಾಮ್ ಜೊತೆಗಿನ ಆಲ್ಬಂ ಬರುವ ಹೊತ್ತಿಗೆ ಅವಳು ಓದಿದ ಜನರ ವಲಯದಲ್ಲಿ ಹೆಸರು ಕೆಡಿಸಿಕೊಂಡವಳು. ಟಾಮ್‌ನ ಪಕ್ಕ ನಿಲ್ಲುವುದು ಅವಳ ಮ್ಯಾನೇಜರ್‌ಗೂ ಕಂಪನಿಗೂ ಬೇಕಿತ್ತು, ಅವಳಿಗೂ ಬೇಕಿತ್ತು.

ಅದರ ಮುಂದಿನ ಅಧ್ಯಾಯ ಇನ್ನೂ ಚೆಂದ. 1979ರಲ್ಲಿ ಅವಳು ಹಾಡಿದ ‘ಓ ಬೆಬಾಡೊ ಇ ಅ ಎಕಿಲಿಬ್ರಿಸ್ಟಾ’ ದೇಶಭ್ರಷ್ಟರನ್ನು ಮನೆಗೆ ಕರೆಸಿಕೊಳ್ಳುವ ಚಳವಳಿಯ ಹಾಡಾಯಿತು. ಅದರ ಸಾಲಿನಲ್ಲಿ ಬರುವುದು ಹೊರದೇಶದಲ್ಲಿದ್ದ ಎನ್‌ಫಿಲ್‌ನ ಅಣ್ಣನ ಪ್ರಸ್ತಾಪ. ಹಾಡು ಕಟ್ಟಿದ್ದು ಅದೇ ಪುಟ್ಟ ರೆಕಾರ್ಡಿನ ಇನ್ನೊಂದು ಕಡೆ ಇದ್ದ ಜೊವಾವ್ ಬೊಸ್ಕೊ, ಅಲ್ಡಿರ್ ಬ್ಲಾಂಕ್ ಜೊತೆ.

ಸುಮ್ನೆ ಬಂದವ:
ಮೇಷ್ಟ್ರೇ, ಈ ಮೆತ್ತನೆ ಹಾಡುಗಳ ಹಿಂದೆ ಇಷ್ಟೆಲ್ಲಾ ಇದೆಯಾ! ಆದರೆ ಒಂದು ಕೇಳಲಾ? ಅಂಥ ಕಾಲದಲ್ಲಿ ಮಳೆ, ಗುಲಾಬಿ ತೋಟ, ಕಿಟಕಿಯಿಂದ ಕಾಣುವ ಬೆಟ್ಟ ಅಂತ ಹಾಡುವುದು ತಪ್ಪಿಸಿಕೊಂಡ ಹಾಗಲ್ಲವಾ?

ರೇಡಿಯೋ ರಂಗಣ್ಣ:
ಆ ಕಾಲದಲ್ಲೂ ಇದನ್ನೇ ಕೇಳಿದವರಿದ್ದರು. ನನ್ನ ಉತ್ತರ: ಅದೇ ಗಾಯಕಿ ಎರಡನ್ನೂ ಹಾಡಿದ್ದಾಳೆ, ಎರಡೂ ಉಳಿದಿವೆ. ಸುಮ್ನೆ ಒಂದನ್ನು ಹಿಡಿದು ಇನ್ನೊಂದಕ್ಕೆ ಹೊಡೆಯುವುದು ಬೇಡ.

ಸಾವ್ ಪೌಲೊ ಸೋಮ:
ಮಳೆ ಬಗ್ಗೆ ಒಂದು ಮಾತು. ಇಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಮಾರ್ಚ್. ಮಾರ್ಚ್ ಅಂದರೆ ಬೇಸಿಗೆ ಮುಗಿಯುವ ಮಳೆ, ಮಧ್ಯಾಹ್ನ ಬಿಸಿಲು ಏರಿ ಸಂಜೆ ಒಮ್ಮೆಲೇ ಸುರಿಯುತ್ತದೆ. ಆಫೀಸ್ ಬಿಡುವ ಹೊತ್ತಿಗೆ ಸರಿಯಾಗಿ. ರಸ್ತೆ ಬದಿಯಲ್ಲಿ ಕೆಂಪು ನೀರು ಹರಿಯುತ್ತಾ ಹಲಗೆ ತುಂಡು, ಬಾಟಲಿ, ಇಟ್ಟಿಗೆ ಪುಡಿ ಎಲ್ಲ ತಳ್ಳಿಕೊಂಡು ಹೋಗುತ್ತದೆ. ಬಸ್ ಸ್ಟಾಪಿನಲ್ಲಿ ನಿಂತು ಅದನ್ನು ನೋಡುವವನಿಗೆ ಆ ಪಟ್ಟಿ ತತ್ವಜ್ಞಾನ ಅನ್ನಿಸುವುದಿಲ್ಲ, ಕಣ್ಣ ಮುಂದೆ ಹೋಗುತ್ತಿರುತ್ತದೆ. ಟಾಮ್ ಅದನ್ನು ಬರೆದದ್ದು ರಿಯೋ ರಾಜ್ಯದ ಬೆಟ್ಟದ ಕಡೆ, ಪೋಸೊ ಫುಂಡೊ ಅನ್ನುವಲ್ಲಿದ್ದ ತನ್ನ ತೋಟದ ಮನೆಯಲ್ಲಿ. 2001ರಲ್ಲಿ ಇಲ್ಲಿನ ‘ಫೋಲ್ಯಾ ಡಿ ಸಾವ್ ಪೌಲೊ’ ಪತ್ರಿಕೆ ಪತ್ರಕರ್ತರು, ಸಂಗೀತಗಾರರನ್ನೆಲ್ಲ ಕೇಳಿ ಬ್ರೆಜಿಲ್‌ನ ಅತ್ಯುತ್ತಮ ಹಾಡು ಯಾವುದು ಅಂತ ಮತ ಹಾಕಿಸಿದಾಗ ಗೆದ್ದದ್ದು ಇದೇ.

ಹಾಡೋ ಅಕ್ಕ:
ಮಾಣಿ ಮೇಲೆ ‘ಸೊನೆಟೊ ಡಿ ಸೆಪರಸಾವ್’ ಹೆಸರು ಹೇಳಿದರು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಮೊದಲು ಹಾಡಲ್ಲ, ಪುಸ್ತಕದಲ್ಲಿದ್ದ ಸಾನೆಟ್, ಹದಿನಾಲ್ಕು ಸಾಲಿನ ಕವಿತೆ. ವಿನೀಸಿಯಸ್ 1938ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ, ಅಟ್ಲಾಂಟಿಕ್ ಮಧ್ಯೆ ಬರೆದದ್ದು. ಕವಿತೆಗೆ ಆಮೇಲೆ ರಾಗ ಬಂತು. ನಮ್ಮ ಸುಗಮ ಸಂಗೀತದಲ್ಲಿ ಇದೇ ಕೆಲಸ ಮಾಡುವವರಿಗೆ ಇದರ ಕಷ್ಟ ಗೊತ್ತು. ಕವಿ ಹಾಡಲಿ ಅಂತ ಬರೆದಿರುವುದಿಲ್ಲ, ಸಾಲಿನ ನಿಲುಗಡೆ ರಾಗದ ನಿಲುಗಡೆಗೆ ಕೂರುವುದಿಲ್ಲ. ರಾಗ ಜಾಸ್ತಿ ಆದರೆ ಕವಿತೆ ಕೆಳಗೆ ಬೀಳುತ್ತದೆ. ಇಲ್ಲಿ ಟಾಮ್ ರಾಗವನ್ನು ಮಾತಿಗೆ ಹತ್ತಿರವೇ ಇಟ್ಟಿದ್ದಾರೆ. ಹಾಡಿನಲ್ಲಿ ಅವರ ದನಿಯೂ ಇದೆ. ಅವರದು ಒಳ್ಳೆಯ ದನಿ ಅಲ್ಲ, ಯಾರೂ ಹಾಗೆ ಹೇಳುವುದಿಲ್ಲ. ಒಣಗಿದ, ಸ್ವಲ್ಪ ಗೊಗ್ಗರು ದನಿ. ಎಲಿಸ್‌ನಂಥ ದನಿಯ ಪಕ್ಕ ಅದು ಬಂದಾಗ ಎಲಿಸ್ ಅಲಂಕಾರ ಎಲ್ಲ ತೆಗೆದಿಟ್ಟು ಹಾಡುತ್ತಾರೆ.

ನನಗೆ ಈ ಆಲ್ಬಂನಲ್ಲಿ ಟಾಮ್ ಕೊಟ್ಟದ್ದು ಇದು ಅನ್ನಿಸುತ್ತದೆ. ಪಿಯಾನೊ ಎಷ್ಟು ಹಾಡಿನಲ್ಲಿ ನುಡಿಸಿದರು ಅಂತ ಲೆಕ್ಕ ಹಾಕುವುದು ಬೇಡ. ಅವರ ಹಾಡು, ಅವರ ಒಣ ದನಿ ಎದುರಿಗೆ ಇದ್ದದ್ದಕ್ಕೆ ಎಲಿಸ್ ಹಾಗೆ ಹಾಡಿದರು. ಸೆಸಾರ್ ಒಬ್ಬರೇ ಇದ್ದರೆ ಹಾಗೆ ಹಾಡುತ್ತಿರಲಿಲ್ಲ, ಅವರ ಜೊತೆ ಮಾಡಿದ ಬೇರೆ ಆಲ್ಬಂಗಳು ಇವೆಯಲ್ಲ, ಕೇಳಿ ನೋಡಿ.

ಕೀಬೋರ್ಡ್ ಕಿಟ್ಟಿ:
ಅಕ್ಕ ಹೇಳಿದ್ದು ಸರಿ, ಆದರೆ ತಿರುಗಿಸಿಯೂ ಹೇಳಬೇಕು. ಟಾಮ್ ಒಬ್ಬನೇ ಇದ್ದರೂ ಆಗುತ್ತಿರಲಿಲ್ಲ.

ಹಾಡೋ ಅಕ್ಕ:
ನಾನು ಇಲ್ಲ ಅಂದೆನಾ?

ಸೂಜಿಮೊನೆ:
ನನ್ನ ಮೊದಲ ಪ್ರಶ್ನೆಗೆ ಈಗ ಹತ್ತಿರ ಬಂದೆವು. ಕೊನೆಯ ಹಾಡು ‘ಇನೂಟಿಲ್ ಪೈಸಾಜೆಂ’ ಮತ್ತೆ ಹಾಕಿ ಕೇಳಿದೆ. ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ವಯಲಿನ್ ಇಲ್ಲ. ಎಲಿಸ್ ಮತ್ತು ಟಾಮ್‌ನ ಪಿಯಾನೊ. ನೀನಿ‌ಲ್ಲದ ಮೇಲೆ ಇಷ್ಟು ಆಕಾಶ, ಇಷ್ಟು ಸಮುದ್ರ ಇದ್ದು ಏನು ಉಪಯೋಗ ಅನ್ನುವ ಹಾಡು. ಕವರ್ ಮೇಲಿನ ಎರಡು ಹೆಸರಿಗೆ ತಕ್ಕ ಹಾಡು ಅಂದರೆ ಇದೊಂದೇ ಅನ್ನಬಹುದು, ಅದೂ ಎರಡನೇ ಬದಿಯ ಕಟ್ಟಕಡೆಯಲ್ಲಿ. ಪಿಯಾನೊ ಕಾರ್ಡ್ ಇಟ್ಟು ಕಾಯುತ್ತದೆ. ಎಲಿಸ್ ಪದ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತದೆ. ಜಗಳ ಆಡಿದ ಮನುಷ್ಯ ಇವನೇನಾ ಅನ್ನಿಸಿತು.

ಕುಂದಾಪ್ರ ಮಾಣಿ:
ಇದನ್ನೇ ನಾನು ಹೇಳಿದ್ದು. ಹದಿನಾಲ್ಕೂ ಹೀಗೇ ಮಾಡಿದ್ದರೆ?

ಕೀಬೋರ್ಡ್ ಕಿಟ್ಟಿ:
ಹದಿನಾಲ್ಕೂ ಹೀಗೇ ಇದ್ದಿದ್ದರೆ ‘ಸುಮ್ನೆ ಬಂದವ’ರು ಮೂರನೇ ಹಾಡಿಗೇ ಮಲಗಿರುತ್ತಿದ್ದರು. ಹದಿಮೂರು ಹಾಡು ಆದ ಮೇಲೆ ಬಂದದ್ದಕ್ಕೆ ಅದು ಹಾಗೆ ಕೇಳಿಸುತ್ತದೆ. ಅದಕ್ಕೆ ಮುಂಚಿನದು ‘ಶೊವೆಂಡೊ ನಾ ರೊಜೇರಾ’, ಮೂರರ ಎಣಿಕೆಯ ವಾಲ್ಟ್ಜ್, ಟಾಮ್‌ನ 1970ರ ‘ಸ್ಟೋನ್ ಫ್ಲವರ್’ನಲ್ಲಿ ಪದವೇ ಇಲ್ಲದೆ ಬಂದಿದ್ದ ರಾಗ. ತಿರುಗಿ ತಿರುಗಿ ಬಂದು ನಿಂತ ಮೇಲೆ ಬರೀ ಪಿಯಾನೊ. ಹಾಡಿನ ಸಾಲು ಜೋಡಿಸಿದವರಿಗೂ ಒಂದು ನಮಸ್ಕಾರ ಹೇಳಬೇಕು.

ಮಾಣಿಗೆ ಗಾಯಕಿ, ಪಿಯಾನೊ ಎರಡೇ ಇರುವ ಆಲ್ಬಂ ಬೇಕು ಅಂದರೆ ಒಂದು ಹೇಳುತ್ತೇನೆ, ನಗಬೇಡಿ. ನಾನಾ ಕೈಮ್ಮಿ ಹಾಡಿದ ‘ವೊಸ್ ಇ ಸುವೊರ್’, 1983. ದನಿ ಮತ್ತು ಪಿಯಾನೊ, ಅಷ್ಟೇ. ನುಡಿಸಿದ್ದು ಯಾರು ಗೊತ್ತಾ? ನಿಮ್ಮ ಸೆಸಾರ್. ಎಲೆಕ್ಟ್ರಿಕ್ ಪಿಯಾನೊ ಹುಡುಗ ಅಂತ ಟಾಮ್ ಅನುಮಾನ ಪಟ್ಟ ಅದೇ ಸೆಸಾರ್. 1981ರಲ್ಲಿ ಇದೇ ಗಿಟಾರಿಸ್ಟ್ ಎಲಿಯೊ ಡೆಲ್ಮಿರೊ ಜೊತೆ ‘ಸಮಂಬಾಯಾ’ ಅಂತ ಇಬ್ಬರೇ ಕೂತು ಒಂದು ಆಲ್ಬಂ ಮಾಡಿದ್ದಾನೆ. ಅದರಲ್ಲಿ ಅವನ ಎಡಗೈ ಕೇಳಿ. ಬೇಸ್, ಡ್ರಮ್ಸ್ ಎರಡೂ ಅಲ್ಲೇ ಇದೆ.

ಕುಂದಾಪ್ರ ಮಾಣಿ:
ನಗಲಿಲ್ಲ. ಹುಡುಕುತ್ತಿದ್ದೇನೆ.

ಸಾವ್ ಪೌಲೊ ಸೋಮ:
ಹೊಸ ಕಾಲದ್ದು ಬೇಕಾದರೆ ನಾ ಒಜೆಟ್ಟಿ ಮತ್ತು ಆಂಡ್ರೆ ಮೆಹ್ಮಾರಿ, ‘ಪಿಯಾನೊ ಇ ವೊಸ್’, 2005. ಇಲ್ಲಿ ಪಿಯಾನೊ ಸುಮ್ಮನೆ ಕೂರುವುದಿಲ್ಲ, ಸರಿಸಮ ಮಾತಾಡುತ್ತದೆ. ಕೆಲವರಿಗೆ ಮಾತು ಜಾಸ್ತಿ ಅನ್ನಿಸಬಹುದು.

ರೇಡಿಯೋ ರಂಗಣ್ಣ:
ಎಲಿಸ್ ಇರುವುದೇ ಬೇಕು ಅಂದರೆ 1979ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೂ ಜಾಝ್ ಉತ್ಸವದಲ್ಲಿ ಹೆರ್ಮೆಟೊ ಪಾಸ್ಕೊವಾಲ್ ಜೊತೆ ಹಾಡಿದ್ದು ಕೇಳಿ. ಪಿಯಾನೊ ಮುಂದೆ ಹೆರ್ಮೆಟೊ, ಪಕ್ಕದಲ್ಲಿ ಎಲಿಸ್. ‘ಕೊರ್ಕೊವಾಡೊ’, ‘ಗರೋಟಾ ಡಿ ಇಪನೆಮಾ’, ‘ಅಜಾ ಬ್ರಾಂಕಾ’. ಹೆರ್ಮೆಟೊ ಹಾಡಿನ ಕೆಳಗಿಂದ ನೆಲವನ್ನೇ ಎಳೆಯುತ್ತಾ ಹೋಗುತ್ತಾನೆ, ನಿರೀಕ್ಷೆ ಮಾಡಿದ ಕಾರ್ಡ್ ಒಂದೂ ಕೊಡುವುದಿಲ್ಲ. ಎಲಿಸ್ ಬೀಳುವುದಿಲ್ಲ. ಅಲ್ಲಿನ ‘ಕೊರ್ಕೊವಾಡೊ’ವನ್ನೂ ಇಲ್ಲಿನದನ್ನೂ ಒಂದರ ಹಿಂದೆ ಒಂದು ಹಾಕಿ. ಅವಳು ಬದುಕಿದ್ದಾಗ ಆ ರೆಕಾರ್ಡ್ ಹೊರಗೆ ಬರಲಿಲ್ಲ. 1982ರ ಜನವರಿ 19ಕ್ಕೆ ತೀರಿಕೊಂಡಳು, 36 ವರ್ಷ. ಅದೇ ವರ್ಷ ಆ ರೆಕಾರ್ಡ್ ಬಂತು.

ಸುಮ್ನೆ ಬಂದವ:
ಮಗಳು ಮಾರಿಯಾ ರೀಟಾ ಕೂಡ ಗಾಯಕಿ ಅಲ್ವಾ? ಕಾರಿನ ಜಾಹೀರಾತೊಂದರಲ್ಲಿ ಅಮ್ಮ ಮಗಳು ಒಟ್ಟಿಗೆ ಹಾಡುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿದ್ದರು, ಅದರಿಂದಲೇ ನನಗೆ ಎಲಿಸ್ ಮುಖ ಪರಿಚಯ.

ಸಾವ್ ಪೌಲೊ ಸೋಮ:
ಹೌದು, 2023ರದ್ದು. ಇಲ್ಲಿ ದೊಡ್ಡ ಗಲಾಟೆ ಆಯಿತು. ಅತ್ತವರೂ ಇದ್ದರು, ಸತ್ತವಳನ್ನು ಯಾಕೆ ಡ್ರೈವ್ ಮಾಡಿಸುತ್ತೀರಿ ಅಂತ ಬೈದವರೂ ಇದ್ದರು. ಅದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ.

ಸುಮ್ನೆ ಬಂದವ:
ಸರಿ. ಅಂದ ಹಾಗೆ ‘ಮೊಡಿನ್ಯಾ’ ಕೇಳಿದೆ ಅಕ್ಕ, ರಾತ್ರಿ ಫ್ಯಾನ್ ಆಫ್ ಮಾಡಿ. ಲಾಬಿ ಮಾತು ಆ ಹಾಡಿಗೆ ಅನ್ವಯಿಸುವುದಿಲ್ಲ. ‘ಫೊಟೊಗ್ರಫಿಯಾ’ಗೆ ಇನ್ನೂ ಅನ್ವಯಿಸುತ್ತದೆ.

ಹಾಡೋ ಅಕ್ಕ:
‘ಫೊಟೊಗ್ರಫಿಯಾ’ ಬಗ್ಗೆ ನಾನೂ ಜಗಳಕ್ಕೆ ಬರುವುದಿಲ್ಲ.

ಸೂಜಿಮೊನೆ:
ಮುಂದಿನ ಸಲಕ್ಕೆ ಮತ ಹಾಕಿ: ‘ವೊಸ್ ಇ ಸುವೊರ್’ ಅಥವಾ ಮೊಂಟ್ರೂ. ಭಾನುವಾರ ರಾತ್ರಿ ತನಕ ಸಮಯ. ನನ್ನ ಮತ ಮೊಂಟ್ರೂಗೆ.

ಕೀಬೋರ್ಡ್ ಕಿಟ್ಟಿ:
‘ವೊಸ್ ಇ ಸುವೊರ್’. ಮಾಣಿ ಸೆಸಾರ್‌ನನ್ನು ಹೊಗಳುವುದನ್ನು ನೋಡಬೇಕು.

ಕುಂದಾಪ್ರ ಮಾಣಿ:
ಮೊಂಟ್ರೂ.